ಕಾಣದ ಪರದೆಗೆ ಹೋದ ಎಚ್ಚರಿಕೆ

ಬುಧವಾರ ಮಧ್ಯಾಹ್ನ ಚಿತ್ತರಂಜನ ಶೆಟ್ಟರು ಒಂದು ಹಾಳೆ ಪ್ರಿಂಟ್ ತೆಗೆದು ಆಸ್ಪತ್ರೆಯ ಬ್ಲಡ್ ಬ್ಯಾಂಕಿನ ಡಾಕ್ಟರ್ ಝಹ್ರಾ ಅವರ ಮೇಜಿನ ಮೇಲಿಟ್ಟರು. ಅದರಲ್ಲಿ ಇದ್ದದ್ದು ಕಂಪ್ಯೂಟರ್ ತಾನಾಗಿ ಬರೆದಿಟ್ಟುಕೊಂಡ ಎರಡೇ ಸಾಲು. ಹನ್ನೊಂದು ಗಂಟೆ ನಲವತ್ತೆರಡು ನಿಮಿಷ ಏಳು ಸೆಕೆಂಡಿಗೆ ಎಚ್ಚರಿಕೆ ತೋರಿಸಲಾಯಿತು. ಅದೇ ನಿಮಿಷದ ಒಂಬತ್ತನೇ ಸೆಕೆಂಡಿಗೆ ಎಚ್ಚರಿಕೆಯನ್ನು ಒಪ್ಪಿಕೊಳ್ಳಲಾಯಿತು. ಒಪ್ಪಿಕೊಂಡವರ ಹೆಸರಿನ ಜಾಗದಲ್ಲಿ ಗೆರ್ಟ್ರೂಡ್ ಲೋಬೊ ಎಂದಿತ್ತು.

"ಇದ್ರಲ್ಲಿ ತಪ್ಪಾಗ್ಲಿಕ್ಕೆ ಉಂಟಾ ಶೆಟ್ರೇ?" ಡಾಕ್ಟರ್ ಕೇಳಿದರು.

"ಇಲ್ಲ ಡಾಕ್ಟ್ರೇ. ಆದದ್ದನ್ನು ಮಾತ್ರ ಅದು ಬರೆಯುವುದು."

ಹಾಗೆ ಹೇಳುವಾಗ ಅವರಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಮೂವತ್ತು ವರ್ಷದಿಂದ ಅವರು ಈ ಕೆಲಸದಲ್ಲಿದ್ದವರು. ಅಪ್ಪ, ದೊಡ್ಡಪ್ಪ, ಅಣ್ಣಂದಿರು ಎಲ್ಲರೂ ಹೋಟೆಲು ನಡೆಸಿದ ಮನೆತನದಲ್ಲಿ ಇವರೊಬ್ಬರು ಗಲ್ಲಾದಲ್ಲಿ ಕೂರದೆ ಹೋಟೆಲಿನ ಕೆಟ್ಟ ಟೇಪ್‌ರೆಕಾರ್ಡರ್ ಬಿಚ್ಚಿ ಕೂತವರು. ಮೊದಲು ಟೀವಿ, ಆಮೇಲೆ ಯುಪಿಎಸ್, ಪ್ರಿಂಟರ್, ಕೊನೆಗೆ ಕಂಪ್ಯೂಟರ್. ಈಗ ಉರ್ವದ ಮನೆಯೇ ಅಂಗಡಿ. ಸ್ಕೂಟರಿನ ಮುಂದೆ ಒಂದು ಕಪ್ಪು ಚೀಲ ನಿಲ್ಲಿಸಿಕೊಂಡು ನಗರದ ಹತ್ತು ಹನ್ನೆರಡು ಕಡೆ ಹೋಗಿ ಬರುತ್ತಾರೆ. ಎರಡು ಕ್ಲಿನಿಕ್, ಒಂದು ಶಾಲೆ, ಒಂದು ಸೊಸೈಟಿ, ಈ ಆಸ್ಪತ್ರೆ. ಆಸ್ಪತ್ರೆಯ ಬ್ಲಡ್ ಬ್ಯಾಂಕಿನ ಕಂಪ್ಯೂಟರನ್ನು ಜೋಡಿಸಿ, ಅದರೊಳಗಿನ ವ್ಯವಸ್ಥೆಯನ್ನೆಲ್ಲ ಕೂರಿಸಿದವರು ಅವರೇ.

ಆದದ್ದು ಇಷ್ಟು. ಸೋಮವಾರ ಶಾಹುಲ್ ಎಂಬ ರಿಕ್ಷಾ ಚಾಲಕನಿಗೆ ಕಾಲಿನ ಆಪರೇಷನ್ ಆಗಿತ್ತು. ರಕ್ತ ಕೊಡಬೇಕಾಗಿ ಬಂತು. ವಾರ್ಡಿನಲ್ಲಿ ರಕ್ತದ ಮಾದರಿ ತೆಗೆಯುವಾಗ ಅವನ ಟ್ಯೂಬಿನ ಚೀಟಿ ಪಕ್ಕದ ಮಂಚದವರ ಟ್ಯೂಬಿಗೆ ಅಂಟಿತು. ಅದು ವಾರ್ಡಿನ ತಪ್ಪು. ವಾರ್ಡಿನವರು ಅದನ್ನು ಆ ದಿನವೇ ಒಪ್ಪಿಕೊಂಡಿದ್ದರು. ಪಕ್ಕದವರದ್ದು ಎ ಪಾಸಿಟಿವ್. ಆದ್ದರಿಂದ ಶಾಹುಲ್‌ನ ಹೆಸರಿಗೆ ಎ ಪಾಸಿಟಿವ್ ಚೀಲ ಹೊರಟಿತು. ಆದರೆ ಇಂಥ ತಪ್ಪನ್ನು ತಡೆಯಲೆಂದೇ ಬ್ಲಡ್ ಬ್ಯಾಂಕಿನ ಕಂಪ್ಯೂಟರಿನಲ್ಲಿ ಒಂದು ಎಚ್ಚರಿಕೆ ಇತ್ತು. ರೋಗಿಯ ಹಳೆಯ ದಾಖಲೆಗೂ ಹೊಸದಕ್ಕೂ ವ್ಯತ್ಯಾಸ ಕಂಡರೆ ಪರದೆಯ ಮೇಲೆ ಕೆಂಪು ಅಂಚಿನ ಒಂದು ಚಿಕ್ಕ ವಿಂಡೋ ತೆರೆದುಕೊಂಡು ನಿಲ್ಲಿಸಬೇಕು. ಶಾಹುಲ್ ಎರಡು ವರ್ಷದ ಹಿಂದೆ ಇಲ್ಲೇ ರಕ್ತದಾನ ಮಾಡಿದ್ದ. ಅವನದು ಓ ಪಾಸಿಟಿವ್ ಎಂದು ಕಂಪ್ಯೂಟರಿಗೆ ಗೊತ್ತಿತ್ತು.

ಪುಣ್ಯಕ್ಕೆ ಒಂದು ಹನಿಯೂ ಒಳಗೆ ಹೋಗಲಿಲ್ಲ. ಮಂಚದ ಬಳಿ ನರ್ಸ್ ಚೀಲದ ಮೇಲಿನದನ್ನು ಗಟ್ಟಿಯಾಗಿ ಓದಿದಾಗ ಶಾಹುಲ್ ದಿಂಬಿನಿಂದ ತಲೆ ಎತ್ತಿ, "ಸಿಸ್ಟರ್, ನಂದು ಓ ಅಲ್ವಾ? ನಾನು ಎಷ್ಟು ಸಲ ಕೊಟ್ಟಿದ್ದೇನೆ" ಎಂದ. ಚೀಲ ವಾಪಸ್ಸು ಹೋಯಿತು. ಆದರೂ ಪ್ರಶ್ನೆ ಉಳಿಯಿತು. ಎಚ್ಚರಿಕೆ ಬಂದರೂ ಬ್ಲಡ್ ಬ್ಯಾಂಕಿನಲ್ಲಿ ಕೂತವರು ಅದನ್ನು ಒತ್ತಿ ಮುಂದೆ ಹೋದದ್ದು ಯಾಕೆ?

ಅಲ್ಲಿ ಕೂತವರು ಗೆರ್ಟ್ರೂಡ್ ಬಾಯಿ. ಇಪ್ಪತ್ತೆಂಟು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತ ಟೆಕ್ನಿಷಿಯನ್. "ನಾನು ಅಂಥ ವಿಂಡೋ ನೋಡ್ಲೇ ಇಲ್ಲ" ಎಂದು ಅವರು ಮೊದಲ ದಿನದಿಂದಲೂ ಹೇಳುತ್ತಿದ್ದರು. ಶೆಟ್ಟರ ಹಾಳೆ ಬಂದ ಮೇಲೆ ಆ ಮಾತಿಗೆ ಬೆಲೆ ಉಳಿಯಲಿಲ್ಲ. ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಿ ಎಂದು ಆಸ್ಪತ್ರೆಯವರು ಹೇಳಿದರು. ಬಾಯಿ ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಕಾರಿಡಾರಿನಲ್ಲಿ ಬರುವಾಗ ಶೆಟ್ಟರು ಎದುರಾದರು.

"ಶೆಟ್ರೇ, ನಿಮ್ಮ ಮಷಿನು ನಾನು ನೋಡಿದ್ದೇನೆ ಅಂತ ಹೇಳ್ತದಂತೆ."

"ಹೌದು ಬಾಯಿ. ಹಾಗೆ ಉಂಟು ಅದ್ರಲ್ಲಿ."

ಬಾಯಿ ಸಿಟ್ಟು ಮಾಡಿದ್ದರೆ ಶೆಟ್ಟರಿಗೆ ಸುಲಭವಾಗುತ್ತಿತ್ತೇನೋ. ಅವರು ಸಿಟ್ಟು ಮಾಡಲಿಲ್ಲ. "ಹಾಗಾದ್ರೆ ನೋಡಿರ್ಬಹುದು ಮಾರಾಯ್ರೆ," ಎಂದರು. "ವಯಸ್ಸಾಯ್ತಲ್ಲ. ನೋಡಿ ಮರ್ತೇ ಹೋಯ್ತೋ ಏನೋ. ನನ್ನ ಅಮ್ಮನಿಗೂ ಕಡೆಗೆ ಹಾಗೇ ಆಗಿತ್ತು." ಅಷ್ಟು ಹೇಳಿ ಬಸ್ ಸ್ಟಾಪಿನ ಕಡೆ ನಡೆದರು.

ಶೆಟ್ಟರಿಗೆ ಚುಚ್ಚಿದ್ದು ಆ ಮಾತು. ತಪ್ಪು ಹೊತ್ತುಕೊಂಡವರನ್ನು ಅವರು ನೋಡಿದ್ದರು, ತಪ್ಪಿಸಿಕೊಂಡವರನ್ನೂ ನೋಡಿದ್ದರು. ಒಂದು ಹಾಳೆಯ ಮಾತು ನಂಬಿ ತನ್ನ ನೆನಪಿನ ಮೇಲೆಯೇ ನಂಬಿಕೆ ಬಿಟ್ಟವರನ್ನು ನೋಡಿರಲಿಲ್ಲ. ಮನೆ ಮುಟ್ಟಿದಾಗ ಅವರಿಗೆ ಇನ್ನೊಂದು ವಿಷಯ ತಲೆಗೆ ಬಂತು. ಎಚ್ಚರಿಕೆ ತೆರೆದದ್ದಕ್ಕೂ ಒಪ್ಪಿಕೊಂಡದ್ದಕ್ಕೂ ನಡುವೆ ಎರಡೇ ಸೆಕೆಂಡು. ಗೆರ್ಟ್ರೂಡ್ ಬಾಯಿ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಪ್ರತಿ ಅಕ್ಷರದ ಕೆಳಗೆ ಪೆನ್ನು ಹಿಡಿದು ಓದುವವರು. ಎರಡು ಸೆಕೆಂಡಿನಲ್ಲಿ ಅವರು ತಮ್ಮ ಹೆಸರನ್ನೂ ಓದಿ ಮುಗಿಸುವವರಲ್ಲ.

ಮರುದಿನ ಬೆಳಗ್ಗೆ ಶೆಟ್ಟರು ಡಾಕ್ಟರ್ ಝಹ್ರಾ ಅವರ ಒಪ್ಪಿಗೆ ಪಡೆದು ಬ್ಲಡ್ ಬ್ಯಾಂಕಿನಲ್ಲಿ ಕೂತರು. ಬಾಯಿಯ ಕಂಪ್ಯೂಟರಿನಲ್ಲಿ, ಪರೀಕ್ಷೆಗೆಂದೇ ಇಟ್ಟಿದ್ದ ಸುಳ್ಳು ರೋಗಿಯ ಹೆಸರು ಹಾಕಿ, ರಕ್ತದ ಗುಂಪು ಬೇಕೆಂದೇ ತಪ್ಪು ಕೊಟ್ಟರು. ಕೆಂಪು ಅಂಚಿನ ವಿಂಡೋ ಪರದೆಯ ನಟ್ಟನಡುವೆ ತೆರೆದುಕೊಂಡಿತು. ಮುಚ್ಚಿ ಮತ್ತೆ ಮಾಡಿದರು. ಮತ್ತೆ ನಡುವೆಯೇ ಬಂತು. ಇಪ್ಪತ್ತು ಸಲ ಮಾಡಿದರೂ ಇಪ್ಪತ್ತು ಸಲವೂ ಸರಿಯಾಗಿಯೇ ಬಂತು. ಕಂಪ್ಯೂಟರನ್ನು ಆರಿಸಿ ಹಚ್ಚಿ ನೋಡಿದರು. ಬೇರೆ ಪ್ರೋಗ್ರಾಮುಗಳನ್ನು ತೆರೆದಿಟ್ಟು, ಎಚ್ಚರಿಕೆ ಅವುಗಳ ಹಿಂದೆ ಅಡಗುತ್ತದೋ ಎಂದು ನೋಡಿದರು. ಇಲ್ಲ. ಶುಕ್ರವಾರವೂ ಅದೇ ಕತೆ.

ಪರದೆಯ ಮೇಲೆ ಯಾವ ವಿಂಡೋ ಎಲ್ಲಿ ತೆರೆಯಬೇಕು, ಯಾವುದು ಮುಂದೆ, ಯಾವುದು ಹಿಂದೆ ಎಂದು ನೋಡಿಕೊಳ್ಳಲು ಕಂಪ್ಯೂಟರಿನೊಳಗೆ ಬೇರೆಯೇ ಒಂದು ಪ್ರೋಗ್ರಾಮು ಇರುತ್ತದೆ. ವಿಂಡೋ ಮ್ಯಾನೇಜರ್ ಎಂದು ಅದರ ಹೆಸರು. ಮದುವೆ ಹಾಲಿನಲ್ಲಿ ಬಂದವರನ್ನು ಕುರ್ಚಿ ತೋರಿಸಿ ಕೂರಿಸುವವರ ಹಾಗೆ. ಅದರ ನಿಯಮಗಳ ಕಡತವನ್ನು ಬರೆದವರು ಶೆಟ್ಟರೇ. ಆ ಕಡತವನ್ನು ಎರಡು ಸಲ ಓದಿದರು. ಹೊಸ ವಿಂಡೋ ಬಂದರೆ ಮೌಸಿನ ಬಾಣ ಯಾವ ಪರದೆಯಲ್ಲಿದೆಯೋ ಆ ಪರದೆಯ ನಡುವೆ ತೆರೆಯಬೇಕು ಎಂದಿತ್ತು. ಇರುವುದೇ ಒಂದು ಪರದೆ. ಹಾಗಿದ್ದರೆ ಇನ್ನೆಲ್ಲಿಗೆ ಹೋಗುತ್ತದೆ?

"ಎಂತಾದ್ರೂ ಸಿಕ್ತಾ?" ಶುಕ್ರವಾರ ಸಂಜೆ ಡಾಕ್ಟರ್ ಝಹ್ರಾ ಬಾಗಿಲಲ್ಲಿ ನಿಂತು ಕೇಳಿದರು. ಅವರು ಬ್ಲಡ್ ಬ್ಯಾಂಕಿನ ಮುಖ್ಯಸ್ಥೆ. ಬಾಯಿಯ ಕೈಕೆಳಗೆ ಕಲಿತು ಬಂದವರೇ ಎಂದರೂ ತಪ್ಪಲ್ಲ. ಹೊಸದಾಗಿ ಸೇರಿದಾಗ ಈ ಕೋಣೆಯಲ್ಲಿ ಯಾವುದು ಎಲ್ಲಿದೆ ಎಂದು ತೋರಿಸಿಕೊಟ್ಟವರು ಬಾಯಿಯೇ.

"ಇಲ್ಲ ಡಾಕ್ಟ್ರೇ. ನನ್ನ ಕೈಯಲ್ಲಿ ಎಲ್ಲ ಸರಿಯಾಗಿಯೇ ಬರ್ತದೆ."

"ಸೋಮವಾರ ವಿಚಾರಣೆ ಕಮಿಟಿ ಉಂಟು. ನನ್ನ ಹತ್ರ ಈಗ ಇರುವುದು ನಿಮ್ಮ ಹಾಳೆ ಒಂದೇ."

'ನನ್ನ ಕೈಯಲ್ಲಿ' ಎಂದು ತಾನೇ ಹೇಳಿದ ಮಾತು ಶೆಟ್ಟರನ್ನು ದಾರಿಯುದ್ದಕ್ಕೂ ಕಾಡಿತು. ತನ್ನ ಕೈಯಲ್ಲಿ ಸರಿ ಬರುತ್ತದೆ. ಬಾಯಿಯ ಕೈಯಲ್ಲಿ?

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಅವರ ಸ್ಕೂಟರ್ ಜೆಪ್ಪುವಿನಲ್ಲಿ ಬಾಯಿಯ ಮನೆಯ ಮುಂದೆ ನಿಂತಿತು. ಬಾಗಿಲು ತೆರೆದವರು ಬಾಯಿಯ ಗಂಡ ವಿಲ್ಲಿ. ಬಹರೈನಿನಲ್ಲಿ ಇಪ್ಪತ್ತು ವರ್ಷ ಅಡುಗೆಮನೆ ನೋಡಿಕೊಂಡು ಬಂದ ಮನುಷ್ಯ. ಬಂದವರಿಗೆ ತಿನ್ನಲು ಕೊಡದೆ ಮಾತಾಡಿಸಿ ಗೊತ್ತಿಲ್ಲದವರು. ಆ ದಿನ ಮಾತ್ರ ಅವರು ಬಾಗಿಲಿಗೆ ಕೈ ಅಡ್ಡ ಇಟ್ಟುಕೊಂಡೇ ನಿಂತರು.

"ಇನ್ನೂ ಎಂತ ಬಾಕಿ ಉಂಟು ಶೆಟ್ರೇ? ಮೂರು ದಿನ ಆಯ್ತು, ಅವಳು ಸರಿಯಾಗಿ ಊಟ ಮಾಡ್ಲಿಲ್ಲ. ನಿನ್ನೆಯಿಂದ ಡಾಕ್ಟರ್ ಹತ್ರ ಹೋಗಿ ನೆನಪಿನ ಟೆಸ್ಟ್ ಮಾಡಿಸ್ಬೇಕು ಅಂತ ಹಟ."

"ವಿಲ್ಲಿ ಪೊರ್ಬುಗಳೇ, ನಾನು ಬೈಲಿಕ್ಕೆ ಬಂದದ್ದಲ್ಲ," ಎಂದರು ಶೆಟ್ಟರು. "ಬಾಯಿ ಕೆಲಸ ಹೇಗೆ ಮಾಡ್ತಾರೆ ಅಂತ ನನಗೆ ಒಮ್ಮೆ ನೋಡ್ಬೇಕು. ಅಷ್ಟೇ."

ಒಳಗಿನಿಂದ ಬಾಯಿ ಬಂದರು. ಕಣ್ಣು ಊದಿತ್ತು. "ಇಲ್ಲಿ ಎಂತ ನೋಡುದು? ಇಲ್ಲಿ ಮಷಿನ್ ಇಲ್ವಲ್ಲ."

ಶೆಟ್ಟರು ಚೀಲದಿಂದ ಒಂದು ಮೌಸ್ ತೆಗೆದು ಊಟದ ಮೇಜಿನ ಮೇಲಿಟ್ಟರು. ಕೀಬೋರ್ಡಿನ ಜಾಗಕ್ಕೆ ದಿನಪತ್ರಿಕೆ ಮಡಚಿಟ್ಟರು. ಸ್ಕ್ಯಾನರ್ ಬದಲಿಗೆ ಟೀವಿಯ ರಿಮೋಟ್ ಕೊಟ್ಟರು. "ಚೀಲ ಬಂತು ಅಂತ ತಿಳ್ಕೊಳ್ಳಿ. ಮೊದಲಿಂದ ಮಾಡಿ ತೋರಿಸಿ. ಒಂದನ್ನೂ ಬಿಡ್ಬೇಡಿ."

ಬಾಯಿ ರಿಮೋಟನ್ನು ಬಲಗೈಯ ಬದಿಗೆ ಸರಿಸಿಟ್ಟುಕೊಂಡರು. ಆಮೇಲೆ ಕೂತರು. ಕೂತ ಕೂಡಲೇ ಬೆನ್ನು ನೆಟ್ಟಗಾಯಿತು. ಇಪ್ಪತ್ತೆಂಟು ವರ್ಷದ ಅಭ್ಯಾಸ. ರೋಗಿಯ ಹೆಸರು ಹುಡುಕುವವರಂತೆ ಮೌಸಿನಲ್ಲಿ ಒಂದೆರಡು ಸಲ ಒತ್ತಿದರು. "ಈಗ ಟ್ರೇ ಬರ್ತದೆ," ಎಂದರು. ವಿಲ್ಲಿ ಅಡುಗೆಮನೆಯಿಂದ ಒಂದು ಸ್ಟೀಲಿನ ಹರಿವಾಣ ತಂದುಕೊಟ್ಟರು. ಬಾಯಿ ಹರಿವಾಣ ಇಡಲು ಜಾಗ ಮಾಡಿಕೊಳ್ಳುತ್ತ ಮೌಸನ್ನು ಅಂಗೈಯಿಂದ ಬಲಕ್ಕೆ ಸರ್ರನೆ ತಳ್ಳಿದರು. ಅದು ಮೇಜಿನ ತುದಿಗೆ ಹೋಗಿ ನಿಂತಿತು.

"ತಡೀರಿ," ಎಂದರು ಶೆಟ್ಟರು. "ಯಾವಾಗ್ಲೂ ಹೀಗೆ ತಳ್ತೀರಾ?"

"ಮತ್ತೆ? ಅಲ್ಲಿ ಜಾಗ ಎಲ್ಲಿ ಉಂಟು? ಟ್ರೇ ಇಡ್ಬೇಕಲ್ಲ." ಬಾಯಿ ನೆನಪಿಸಿಕೊಂಡು ಮುಂದುವರಿಸಿದರು, "ಆ ಮೌಸಿಂದು ಒಂದು ಕಿರಿಕಿರಿ ಉಂಟು ಶೆಟ್ರೇ. ಹೀಗೆ ತಳ್ಳಿದ್ರೆ ಬಾಣ ಕೆಲವು ಸಲ ಕಾಣೆ ಆಗ್ತದೆ. ಎಡಕ್ಕೆ ಎಳೀತಾ ಇದ್ರೆ ಆಮೇಲೆ ಎಲ್ಲಿಂದಲೋ ಬರ್ತದೆ. ನಿಮಗೆ ಹೇಳ್ಬೇಕು ಹೇಳ್ಬೇಕು ಅಂತ ಮರ್ತು ಹೋಗ್ತಿತ್ತು."

ಶೆಟ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಬಲಗಡೆಯಿಂದ ಹೊರಗೆ ಹೋಗ್ತದಾ?"

"ಹೌದು. ಮತ್ತೆ ಆ ಸ್ಕ್ಯಾನರ್ ಹಳತಾಯ್ತು. ಚೀಲದ ಮೇಲೆ ಎರಡು ಬಾರ್‌ಕೋಡ್ ಇರ್ತದಲ್ಲ, ಒಂದೊಂದು ಸಲ ಎರಡನೇದು ಹಿಡಿಯುವುದಿಲ್ಲ. ಬೀಪ್ ಅಂತದೆ, ಆದ್ರೆ ಪರದೆಯಲ್ಲಿ ಬರುವುದಿಲ್ಲ. ಇನ್ನೊಮ್ಮೆ ಹೊಡೀಬೇಕು. ಆ ಸೋಮವಾರವೂ ಎರಡು ಸಲ ಹೊಡೆದೆ."

"ಅದು ನೆನಪುಂಟಾ ನಿಮಗೆ?"

"ಅಯ್ಯೋ, ಚೆನ್ನಾಗಿ ನೆನಪುಂಟು. ಕಾಲಿನ ಆಪರೇಷನ್, ಅರ್ಜೆಂಟ್ ಅಂತ ವಾರ್ಡಿಂದ ಎರಡು ಸಲ ಫೋನ್ ಮಾಡಿದ್ರು. ಇದೊಂದು ಹಿಡೀತಾ ಇಲ್ವಲ್ಲ ಅಂತ ಸ್ಕ್ಯಾನರಿಗೆ ಬೈದೆ."

ನೆನಪು ಹೋದವರು ಹೀಗೆ ಹೇಳುವುದಿಲ್ಲ. ಶೆಟ್ಟರು ಎದ್ದೇಬಿಟ್ಟರು. ವಿಲ್ಲಿ ಅಷ್ಟರಲ್ಲಿ ಚಾ ಮತ್ತು ನೀರುಳ್ಳಿ ಬಜೆ ತಂದಿದ್ದರು. ಎರಡು ಬಜೆಯನ್ನು ಕಾಗದದಲ್ಲಿ ಕಟ್ಟಿ ಬಲವಂತದಿಂದ ಚೀಲಕ್ಕೆ ತುರುಕಿದ ಮೇಲೆಯೇ ಅವರು ಶೆಟ್ಟರನ್ನು ಬಿಟ್ಟದ್ದು. "ನಾನು ಸಂಜೆಯೊಳಗೆ ಫೋನ್ ಮಾಡ್ತೇನೆ," ಎಂದು ಶೆಟ್ಟರು ಬಾಯಿಗೆ ಹೇಳಿದರು. "ನೀವು ಆ ನೆನಪಿನ ಟೆಸ್ಟಿಗೆಲ್ಲ ಹೋಗ್ಬೇಡಿ."

ಬ್ಲಡ್ ಬ್ಯಾಂಕಿಗೆ ಬಂದು, ಬಾಯಿಯ ಕುರ್ಚಿಯಲ್ಲಿ ಕೂತು, ಶೆಟ್ಟರು ಈ ಸಲ ತಮ್ಮ ಹಾಗೆ ಮಾಡದೆ ಬಾಯಿಯ ಹಾಗೆ ಮಾಡಿದರು. ಸುಳ್ಳು ರೋಗಿಯ ಹೆಸರು ಹಾಕಿದರು. ನಿಜವಾದ ಟ್ರೇ ತಂದರು. ಮೌಸನ್ನು ಅಂಗೈಯಿಂದ ಬಲಕ್ಕೆ ತಳ್ಳಿದರು. ಬಾಣ ಪರದೆಯ ಬಲ ಅಂಚಿಗೆ ಹೋಗಿ ನಿಲ್ಲಬೇಕಿತ್ತು. ಅಂಚು ದಾಟಿ ಮಾಯವಾಯಿತು. ಮೊದಲ ಬಾರ್‌ಕೋಡ್ ಹೊಡೆದರು. ಬೀಪ್ ಎಂದಿತು. ಎರಡನೆಯದು ಹೊಡೆದರು. ಬೀಪ್ ಎಂದಿತು, ಪರದೆಯಲ್ಲಿ ಏನೂ ಬರಲಿಲ್ಲ. ಇನ್ನೊಮ್ಮೆ ಹೊಡೆದಾಗ ಬಂತು. ಕೆಂಪು ಅಂಚಿನ ವಿಂಡೋ ಎಲ್ಲೂ ಕಾಣಿಸಲಿಲ್ಲ. ದಾಖಲೆ ತೆರೆದು ನೋಡಿದರೆ ಅದೇ ಎರಡು ಸಾಲು. ಎಚ್ಚರಿಕೆ ತೋರಿಸಲಾಯಿತು. ಎರಡು ಸೆಕೆಂಡಿನ ಮೇಲೆ ಒಪ್ಪಿಕೊಳ್ಳಲಾಯಿತು. ಒಪ್ಪಿಕೊಂಡವರು, ಚಿತ್ತರಂಜನ ಶೆಟ್ಟಿ.

ತನ್ನದೇ ಹೆಸರನ್ನು ಶೆಟ್ಟರು ಇನ್ನೊಮ್ಮೆ ಓದಿದರು. ಮತ್ತೊಮ್ಮೆ ಮಾಡಿದರು. ಈ ಸಲ ಎರಡನೇ ಬಾರ್‌ಕೋಡ್ ಹೊಡೆಯುವ ಮೊದಲು ನಿಂತು, ಇಡೀ ಪರದೆಯ ಚಿತ್ರ ತೆಗೆದುಕೊಳ್ಳಲು ಕಂಪ್ಯೂಟರಿಗೆ ಆಜ್ಞೆ ಕೊಟ್ಟರು. ಬಂದ ಚಿತ್ರ ಮಾಮೂಲಿಗಿಂತ ಎರಡು ಪಟ್ಟು ಅಗಲ ಇತ್ತು. ಎಡ ಅರ್ಧದಲ್ಲಿ ತಾನು ನೋಡುತ್ತಿದ್ದ ಪರದೆ. ಬಲ ಅರ್ಧದಲ್ಲಿ ಇನ್ನೊಂದು ಖಾಲಿ ಪರದೆ, ಅದರ ನಟ್ಟನಡುವೆ ಕೆಂಪು ಅಂಚಿನ ವಿಂಡೋ. 'ರಕ್ತದ ಗುಂಪು ಹಳೆಯ ದಾಖಲೆಗೆ ಹೊಂದುತ್ತಿಲ್ಲ' ಎಂದು ಯಾರೂ ಇಲ್ಲದ ಕಡೆಗೆ ಅದು ಹೇಳುತ್ತ ನಿಂತಿತ್ತು.

ಈಗ ಎಲ್ಲ ತಿಳಿಯಿತು. ತನಗೆ ಎರಡು ಪರದೆಗಳಿವೆ ಎಂದು ಕಂಪ್ಯೂಟರ್ ನಂಬಿಕೊಂಡಿತ್ತು. ಬಾಯಿ ಮೌಸ್ ತಳ್ಳಿದಾಗ ಬಾಣ ಇಲ್ಲದ ಪರದೆಗೆ ಹೋಗುತ್ತಿತ್ತು. ಬಾಣ ಇದ್ದಲ್ಲಿ ಹೊಸ ವಿಂಡೋ ತೆರೆಯಬೇಕೆಂಬ ನಿಯಮ ಇತ್ತಲ್ಲ, ಮೊದಲ ಬಾರ್‌ಕೋಡ್ ಹೊಡೆದ ಕೂಡಲೇ ಏಳುವ ಎಚ್ಚರಿಕೆಯೂ ಅಲ್ಲಿಗೇ ಹೋಗುತ್ತಿತ್ತು. ಬಾರ್‌ಕೋಡ್ ಸ್ಕ್ಯಾನರ್ ಪ್ರತಿ ಸಲ ಓದಿದ ಮೇಲೆ ತಾನೇ ಎಂಟರ್ ಒತ್ತುತ್ತದೆ. ಎರಡನೇ ಬಾರ್‌ಕೋಡ್ ಹೊಡೆದಾಗ ಆ ಎಂಟರ್ ಕಾಣದ ಎಚ್ಚರಿಕೆಯ ಮೇಲೆ ಬಿದ್ದು, 'ಒಪ್ಪಿಕೊಂಡೆ' ಎಂದು ದಾಖಲಾಗುತ್ತಿತ್ತು. ಬಾಯಿ ಏನನ್ನೂ ನೋಡಿರಲಿಲ್ಲ. ನೋಡಲು ಸಾಧ್ಯವೇ ಇರಲಿಲ್ಲ.

ಕುರ್ಚಿಗೆ ಒರಗಿ ಅವರು ಉದ್ದಕ್ಕೆ ಉಸಿರು ಬಿಟ್ಟರು. ಆದರೆ ಎರಡನೇ ಪರದೆ ಎಲ್ಲಿಂದ ಬಂತು ಎಂದು ನೋಡಲು ಕಂಪ್ಯೂಟರ್ ಪೆಟ್ಟಿಗೆಯ ಹಿಂದೆ ಟಾರ್ಚ್ ಹಿಡಿದಾಗ ಆ ಉಸಿರು ಅರ್ಧಕ್ಕೇ ನಿಂತಿತು.

ಹಿಂದೆ, ಗೋಡೆ ಮತ್ತು ರಕ್ತ ಇಡುವ ಫ್ರಿಜ್ಜಿನ ನಡುವಿನ ಸಂದಿಯಲ್ಲಿ, ಗೇಣುದ್ದದ ಬಿಳಿ ಕನ್ವರ್ಟರ್ ಒಂದು ನೇತಾಡುತ್ತಿತ್ತು. ಹಳೆಯ ಮಾನಿಟರನ್ನು ಹೊಸ ಕಂಪ್ಯೂಟರಿಗೆ ಜೋಡಿಸಲು ಬಳಸುವ ವಸ್ತು. ಮಾನಿಟರ್ ಇಲ್ಲದಿದ್ದರೂ 'ಇಲ್ಲಿ ಪರದೆ ಉಂಟು' ಎಂದು ಕಂಪ್ಯೂಟರಿಗೆ ಹೇಳುತ್ತಲೇ ಇರುವ ಜಾತಿ ಅದು. ಏಪ್ರಿಲ್ ತಿಂಗಳಲ್ಲಿ ಹೊರಗಿನ ಕೌಂಟರಿನ ಮಾನಿಟರ್ ಕೆಟ್ಟಾಗ, ಇಲ್ಲಿದ್ದ ಎರಡನೇ ಮಾನಿಟರನ್ನು ಬಿಚ್ಚಿ ಅಲ್ಲಿಗೆ ಕೊಟ್ಟವರು ಶೆಟ್ಟರೇ. ಕನ್ವರ್ಟರ್ ತೆಗೆಯಬೇಕಾದರೆ ಫ್ರಿಜ್ಜನ್ನು ಸರಿಸಬೇಕಿತ್ತು. ಇನ್ನೊಂದು ದಿನ ತೆಗೆದರಾಯಿತು ಎಂದು ಬಿಟ್ಟಿದ್ದರು. ಆ ಇನ್ನೊಂದು ದಿನ ಬರಲೇ ಇಲ್ಲ.

ಅವರು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರು. ಹೆಂಡತಿ ಜಲಜಾಕ್ಷಿ ಬಂಗುಡೆ ಸಾರು ಬಡಿಸಿದರು. ಶೆಟ್ಟರು ಅನ್ನ ಕಲಸುತ್ತಲೇ ಇದ್ದರು.

"ದಾನೆ ಆಂಡ್?" ಏನಾಯಿತು ಎಂದು ಜಲಜಾಕ್ಷಿ ಕೇಳಿದರು.

ಶೆಟ್ಟರು ಎಲ್ಲ ಹೇಳಿದರು. ಹೇಳಿ, ತಲೆ ಎತ್ತದೆ ಇಷ್ಟನ್ನೂ ಸೇರಿಸಿದರು: ಯಾವುದೋ ನೆವ ಹೇಳಿ ಫ್ರಿಜ್ಜು ಸರಿಸಿ, ಆ ಕನ್ವರ್ಟರನ್ನು ಕಿಸೆಗೆ ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ವಿಂಡೋ ಮ್ಯಾನೇಜರಿನ ದೋಷ, ಸರಿಮಾಡಿದ್ದೇನೆ ಎಂದರೆ ಬಾಯಿಯೂ ಪಾರು, ತಾನೂ ಪಾರು. ಮೂವತ್ತು ವರ್ಷದ ಹೆಸರು ಉಳಿಯುತ್ತದೆ.

ಜಲಜಾಕ್ಷಿ ಸಾರಿನ ಸೌಟು ಕೆಳಗಿಟ್ಟರು. ಆಮೇಲೆ, "ಏಪ್ರಿಲಿನಿಂದ ಇವತ್ತಿನವರೆಗೆ ಆ ಎಚ್ಚರಿಕೆ ಬೇರೆ ಯಾರಿಗೂ ತಪ್ಪಿ ಹೋಗಿಲ್ಲ ಅಂತ ನಿಮಗೆ ಗೊತ್ತುಂಟಾ?" ಎಂದರು.

ಶೆಟ್ಟರ ಕೈ ತಟ್ಟೆಯಲ್ಲೇ ನಿಂತಿತು. ತನ್ನ ಹೆಸರಿನ ಯೋಚನೆಯಲ್ಲಿ ಅದು ಅವರಿಗೆ ಹೊಳೆದೇ ಇರಲಿಲ್ಲ. ಐದು ತಿಂಗಳು. ಎಷ್ಟು ಚೀಲ, ಎಷ್ಟು ರೋಗಿಗಳು.

"ಪಂಡ್‌ದ್ ಬಲೆ," ಎಂದರು ಜಲಜಾಕ್ಷಿ. ಹೇಳಿ ಬನ್ನಿ ಎಂದು.

ಮೂರು ಗಂಟೆಗೆ ಡಾಕ್ಟರ್ ಝಹ್ರಾ ಅವರ ಮುಂದೆ ಶೆಟ್ಟರು ಅಗಲದ ಚಿತ್ರವನ್ನಿಟ್ಟರು, ಫೋನಿನಲ್ಲಿ ತೆಗೆದ ಕನ್ವರ್ಟರಿನ ಫೋಟೋವನ್ನೂ ಇಟ್ಟರು. "ಬಾಯಿಯ ತಪ್ಪು ಇಲ್ಲ ಡಾಕ್ಟ್ರೇ. ತಪ್ಪು ನನ್ನದು. ಇದನ್ನು ಬಿಟ್ಟು ಹೋದವ ನಾನು." ಆಮೇಲೆ ಹೆಂಡತಿ ಕೇಳಿದ ಪ್ರಶ್ನೆಯನ್ನೂ ಹೇಳಿದರು.

ಡಾಕ್ಟರ್ ಬೈಯಲಿಲ್ಲ. ಚಿತ್ರವನ್ನು ಎರಡು ಸಲ ನೋಡಿದರು. ಎದ್ದು ಬಾಗಿಲು ಹಾಕಿ ಬಂದು, "ಮೊದಲು ಆ ಪಟ್ಟಿ ತೆಗೀರಿ," ಎಂದರು. "ಉಳಿದದ್ದು ಆಮೇಲೆ."

ಏಪ್ರಿಲಿನಿಂದ ಒಟ್ಟು ಮೂವತ್ತೊಂದು ಎಚ್ಚರಿಕೆಗಳು ಬಂದಿದ್ದವು. ಇಪ್ಪತ್ತೆರಡನ್ನು ಬಾಯಿಯೋ ಪಾಳಿಯ ಬೇರೆಯವರೋ ನೋಡಿ, ನಿಲ್ಲಿಸಿ, ಸರಿಪಡಿಸಿದ್ದರು. ಬಾಣ ಆಗ ಪರದೆಯಲ್ಲೇ ಇದ್ದಿರಬೇಕು. ಒಂಬತ್ತು ಮಾತ್ರ ಎರಡು ಮೂರು ಸೆಕೆಂಡಿನಲ್ಲಿ ಮುಚ್ಚಿಹೋಗಿದ್ದವು. ಅದರಲ್ಲಿ ಒಂದು ಶಾಹುಲ್‌ನದು. ಉಳಿದದ್ದು ಎಂಟು.

ಶೆಟ್ಟರು ಒಂದೊಂದನ್ನೇ ಓದಿದರು. ಡಾಕ್ಟರ್ ಒಂದೊಂದರ ಕಡತ ತರಿಸಿ ನೋಡಿದರು. ಮೊದಲನೆಯದು ಹೆಸರಿನ ಸ್ಪೆಲ್ಲಿಂಗ್ ವ್ಯತ್ಯಾಸ. ಎರಡನೆಯದು ವಯಸ್ಸು ತಪ್ಪು ಬರೆದದ್ದು. ಮೂರು, ನಾಲ್ಕು, ಐದು ಮತ್ತೆ ಹೆಸರಿನವೇ. ಮದುವೆಯಾದ ಮೇಲೆ ಮನೆತನದ ಹೆಸರು ಬದಲಾದವರು. ಆರು, ಏಳು ಫೋನ್ ನಂಬರ್. ಪ್ರತಿಯೊಂದಕ್ಕೂ ಡಾಕ್ಟರ್ ಪೆನ್ಸಿಲಿನಲ್ಲಿ ಗೆರೆ ಹಾಕುವಾಗ ಶೆಟ್ಟರ ಭುಜ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತಿತ್ತು.

ಎಂಟನೆಯದು ರಕ್ತದ ಗುಂಪಿನದ್ದೇ. ತೊಕ್ಕೊಟ್ಟಿನ ಸಂಚಿತಾ, ಹೆರಿಗೆಗೆ ಬಂದವರು. ಹಳೆಯ ದಾಖಲೆಯಲ್ಲಿ ಎ ಪಾಸಿಟಿವ್, ಕೊಟ್ಟದ್ದು ಎ ನೆಗೆಟಿವ್.

ಶೆಟ್ಟರು ಹಾಳೆಯಿಂದ ತಲೆ ಎತ್ತಿ ಡಾಕ್ಟರನ್ನು ನೋಡಿದರು. ಡಾಕ್ಟರ್ ಸಾಲನ್ನು ಇನ್ನೊಮ್ಮೆ ಓದಿ, "ತಡೀರಿ, ಹೆದರ್ಬೇಡಿ," ಎಂದರು. "ಪಾಸಿಟಿವ್‌ನವರಿಗೆ ನೆಗೆಟಿವ್ ಕೊಟ್ರೆ ತೊಂದರೆ ಇಲ್ಲ. ತಿರುಗಾಮುರುಗಾ ಆದ್ರೆ ಕಷ್ಟ." ಕಡತ ಬಂತು. ಹಳೆಯ ದಾಖಲೆಯನ್ನೇ ಯಾರೋ ತಪ್ಪು ಬರೆದಿದ್ದರು; ಹೆರಿಗೆಯ ಸಮಯದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಎ ನೆಗೆಟಿವ್ ಎಂದು ಖಚಿತ ಮಾಡಿದ ಕಾಗದ ಅದರಲ್ಲೇ ಇತ್ತು. ಕೊಟ್ಟದ್ದು ಸರಿಯಾದ ರಕ್ತವೇ. ಆದರೂ ಡಾಕ್ಟರ್ ಸುಮ್ಮನಿರಲಿಲ್ಲ. ಕಡತದಲ್ಲಿದ್ದ ನಂಬರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಆಸ್ಪತ್ರೆಯಿಂದ ಮಾತಾಡುದು ಸಂಚಿತಾ. ಸುಮ್ಮನೆ ವಿಚಾರಿಸ್ಲಿಕ್ಕೆ. ಹೇಗಿದ್ದೀರಿ?"

"ಓ ಡಾಕ್ಟ್ರೇ! ಚೆನ್ನಾಗಿದ್ದೇನೆ. ಮಗು ಈಗ ಕವುಚುತ್ತದೆ. ನಿನ್ನೆ ಮಂಚದಿಂದ ಬೀಳ್ಲಿಕ್ಕೆ ಹೋಗಿ ನಮ್ಮ ಅತ್ತೆ ಓಡಿ ಬಂದು ಹಿಡಿದ್ರು." ಹಿಂದಿನಿಂದ ಮಗುವಿನ ಕೇಕೆ ಕೇಳಿಸಿತು. ಅಳುವೋ ನಗುವೋ ತಿಳಿಯುವಂತಿರಲಿಲ್ಲ, ಗಟ್ಟಿಯಾಗಿಯಂತೂ ಇತ್ತು.

ಫೋನ್ ಇಟ್ಟ ಮೇಲೆ ಡಾಕ್ಟರ್ ಝಹ್ರಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಶೆಟ್ಟರು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತರು. ಚೀಲದಲ್ಲಿ ಕಾಗದದ ಕಟ್ಟು ಸಿಕ್ಕಿತು. ತಣ್ಣಗಾಗಿ ಮೆತ್ತಗಾಗಿದ್ದ ಆ ಎರಡೂ ಬಜೆಯನ್ನು ಅವರು ಅಲ್ಲೇ ತಿಂದರು. ಬೆಳಗ್ಗಿನಿಂದ ಅವರ ಹೊಟ್ಟೆಗೆ ಸೇರಿದ್ದು ಅದೇ ಮೊದಲು ಎನ್ನಬೇಕು.

ಆಮೇಲೆ ಫೋನ್ ಮಾಡಿದರು. ಎತ್ತಿದವರು ವಿಲ್ಲಿ. "ಬಾಯಿಗೆ ಕೊಡಿ," ಎಂದರು ಶೆಟ್ಟರು.

"ಬಾಯಿ, ಆ ವಿಂಡೋ ನೀವು ನೋಡ್ಲಿಲ್ಲ. ಅದು ನಿಮಗೆ ಕಾಣುವಲ್ಲಿ ಬರ್ಲೇ ಇಲ್ಲ. ನನ್ನ ತಪ್ಪು ಅದು. ಡಾಕ್ಟ್ರಿಗೆ ಹೇಳಿ ಆಯ್ತು."

ಆ ಕಡೆಯಿಂದ ಬಾಯಿಯ ಧ್ವನಿ, ಸಣ್ಣಗೆ: "ಹಾಗಾದ್ರೆ ನನ್ನ ತಲೆ ಸರಿ ಉಂಟು."

"ನನ್ನದಕ್ಕಿಂತ ಸರಿ ಉಂಟು."

ಬಾಯಿ ಅತ್ತದ್ದು ಫೋನಿನಲ್ಲಿ ಕೇಳಿಸಿತು. ಮಧ್ಯದಲ್ಲಿ ವಿಲ್ಲಿ ಕೊಂಕಣಿಯಲ್ಲಿ ಏನೋ ಹೇಳಿ ಸಮಾಧಾನ ಮಾಡುತ್ತಿದ್ದರು. ಕೊನೆಗೆ ಫೋನ್ ಇಡಲು ಯಾರಿಗೂ ನೆನಪಾಗದೆ, ಶೆಟ್ಟರೇ ಇಟ್ಟರು.

ಸರಿಯಾಗುವ ತನಕ ಆ ಕಂಪ್ಯೂಟರಿನಿಂದ ಚೀಲ ಕೊಡುವುದನ್ನು ಡಾಕ್ಟರ್ ನಿಲ್ಲಿಸಿದರು. ಸೋಮವಾರದ ಕಮಿಟಿಯಲ್ಲಿ ಶೆಟ್ಟರು ಟ್ರೇ, ಮೌಸ್, ಸ್ಕ್ಯಾನರ್ ಎಲ್ಲ ಇಟ್ಟುಕೊಂಡು ಮಾಡಿ ತೋರಿಸಿದರು. ಮೂವರು ಸದಸ್ಯರಲ್ಲಿ ಒಬ್ಬರು ತಾವೇ ಕೂತು ಮೌಸ್ ತಳ್ಳಿ ನೋಡಿದರು. ಅವರ ಹೆಸರಿನಲ್ಲೂ ಒಂದು ಎಚ್ಚರಿಕೆ ಒಪ್ಪಿಗೆಯಾಗಿ ಹೋಯಿತು. ಆಮೇಲೆ ಹೆಚ್ಚು ವಿವರಿಸುವ ಅಗತ್ಯ ಬೀಳಲಿಲ್ಲ. ಬಾಯಿಯ ಮೇಲಿನ ಆರೋಪವನ್ನು ಕೈಬಿಡಲಾಯಿತು ಎಂದು ಲಿಖಿತವಾಗಿ ಕೊಟ್ಟರು. ಶೆಟ್ಟರಿಗೂ ಒಂದು ಪತ್ರ ಸಿಕ್ಕಿತು, ಸ್ವಲ್ಪ ಖಾರವಾಗಿಯೇ. ಇನ್ನು ಮುಂದೆ ಯಾವ ಉಪಕರಣ ತೆಗೆದರೂ ಹಾಕಿದರೂ ಬರೆದಿಟ್ಟು, ಕೆಲಸ ಮಾಡುವವರ ಎದುರೇ ಪರೀಕ್ಷಿಸಿ ಸಹಿ ಪಡೆಯಬೇಕು ಎಂದಿತ್ತು. ಕೆಲಸ ಹೋಗುತ್ತದೆ ಎಂದೇ ಅವರು ಹೋಗಿದ್ದರು. ಪತ್ರವನ್ನು ಓದಿ, ನ್ಯಾಯವಾಗಿಯೇ ಇದೆ ಎಂದು ಮಡಚಿಟ್ಟುಕೊಂಡರು.

"ನೀವು ಹೇಳದೇ ಇದ್ದಿದ್ರೆ ಆ ಎಂಟು ಹೆಸರು ನಾನು ನೋಡ್ತಾನೇ ಇರ್ಲಿಲ್ಲ," ಎಂದು ಡಾಕ್ಟರ್ ಝಹ್ರಾ ಆಮೇಲೆ ಶೆಟ್ಟರಿಗೆ ಹೇಳಿದರು.

ಮಂಗಳವಾರ ಇಬ್ಬರು ವಾರ್ಡ್ ಬಾಯ್‌ಗಳು ಫ್ರಿಜ್ಜನ್ನು ಸರಿಸಿದರು. ಶೆಟ್ಟರು ಕನ್ವರ್ಟರನ್ನು ಕಿತ್ತರು. ವಿಂಡೋ ಮ್ಯಾನೇಜರಿನ ನಿಯಮವನ್ನು ಬದಲಿಸಿದರು: ಎಚ್ಚರಿಕೆ ಬಾಣವನ್ನು ನೋಡಬಾರದು, ಯಾವಾಗಲೂ ಮುಖ್ಯ ಪರದೆಯ ನಡುವೆಯೇ, ಎಲ್ಲದರ ಮೇಲೆ ಬರಬೇಕು. ಎಂಟರ್ ಒತ್ತಿದರೆ ಅದು ಮುಚ್ಚದ ಹಾಗೆ ಪ್ರೋಗ್ರಾಮು ಬರೆದವರಿಂದ ಮಾಡಿಸಿದರು. ಈಗ ಓದಿದವರು ರಕ್ತದ ಗುಂಪನ್ನು ಕೈಯಿಂದ ಟೈಪ್ ಮಾಡಿದರೆ ಮಾತ್ರ ಅದು ಜಾಗ ಬಿಡುತ್ತದೆ. ಬಾಯಿ ಪಕ್ಕದಲ್ಲೇ ಕೂತು, ತನ್ನ ಹಾಗೆಯೇ ಮೌಸ್ ತಳ್ಳಿ ತಳ್ಳಿ ಹದಿನೈದು ಸಲ ಪರೀಕ್ಷಿಸಿದರು. ಕನ್ನಡಕ ಮೂಗಿನ ತುದಿಗಿಳಿಸಿ, ಪ್ರತಿ ಸಲವೂ ಪೂರ್ತಿ ಓದಿದರು. ಆಮೇಲೆ ಸಹಿ ಹಾಕಿದರು.

ಅಲ್ಲಿಂದೀಚೆಗೆ ಶೆಟ್ಟರು ಎಲ್ಲಿಗೆ ಹೋದರೂ ಮೊದಲು ತಾನು ಕೂರುವುದಿಲ್ಲ. ಅಲ್ಲಿ ದಿನಾ ಕೂರುವವರನ್ನು ಕೂರಿಸಿ, ಪಕ್ಕದಲ್ಲಿ ಒಂದು ಸ್ಟೂಲ್ ಎಳೆದುಕೊಂಡು ಹತ್ತು ನಿಮಿಷ ಸುಮ್ಮನೆ ನೋಡುತ್ತಾರೆ. ಸೊಸೈಟಿಯ ಕ್ಲರ್ಕಿಗೆ ಮೊದಮೊದಲು ಇದು ಕಿರಿಕಿರಿಯಾಯಿತು.

ಕಳೆದ ವಾರ ಬೆಳಗ್ಗೆ ಉರ್ವ ಮಾರ್ಕೆಟಿನಲ್ಲಿ ಮೀನಿಗೆ ನಿಂತಿದ್ದಾಗ ಅವರ ಫೋನ್ ಹೊಡೆಯಿತು. ಆಸ್ಪತ್ರೆಯ ನಂಬರ್. ಶೆಟ್ಟರು ಚೀಲವನ್ನು ಮೀನಿನವರ ಕಲ್ಲಿನ ಮೇಲೆಯೇ ಬಿಟ್ಟು ಬದಿಗೆ ಬಂದರು.

"ಶೆಟ್ರೇ, ಎಂತ ಮಾರಾಯ್ರೆ ಇದು, ನಿಮ್ಮ ಪ್ರಿಂಟರ್ ಚೀಟಿಯನ್ನು ಅರ್ಧಕ್ಕೇ ನುಂಗ್ತದೆ!" ಗೆರ್ಟ್ರೂಡ್ ಬಾಯಿಯ ಗಟ್ಟಿ ದನಿ, ಸರಿಯಾದ ಸಿಟ್ಟಿನಲ್ಲಿ. "ಮೂರು ಸಲ ಆಯ್ತು. ಇದು ನನ್ನ ತಪ್ಪಲ್ಲ, ಮೊದಲೇ ಹೇಳ್ತೇನೆ."

"ಅಲ್ಲ ಬಾಯಿ, ಅಲ್ಲ. ಪ್ರಿಂಟರಿಂದೇ ತಪ್ಪು," ಎಂದು ಶೆಟ್ಟರು ನಕ್ಕರು. "ಹತ್ತು ಗಂಟೆಗೆ ಬರ್ತೇನೆ. ನೀವು ಹೇಗೆ ಕಾಗದ ಹಾಕ್ತೀರಿ ಅಂತ ಒಮ್ಮೆ ತೋರಿಸ್ಬೇಕು."

ಫೋನ್ ಕಿಸೆಗೆ ಹಾಕಿ, ಎರಡು ಬಂಗುಡೆ ಹೆಚ್ಚಿಗೆ ಹಾಕಿಸಿಕೊಂಡು, ಚೀಲ ಎತ್ತಿ ಅವರು ಸ್ಕೂಟರಿನ ಕಡೆ ನಡೆದರು.